ಹಾರ್ತಿರೋವಾಗ ಇಂಜಿನ್ ಕೈಕೊಟ್ರೆ ಕ್ಯಾಬಿನ್ ಕ್ರೂ ಏನ್ ಮಾಡ್ಬೇಕು

ಹೊಸದಾಗಿ ಲೈನಿಗೆ ಬಂದಿರೋ ಹುಡುಗ್ರು ಹುಡ್ಗೀರು ನನ್ನ ಹತ್ರ ಸುತ್ತಿ ಬಳಸಿ ಕೇಳೋದು ಒಂದೇ ಪ್ರಶ್ನೆ, ಅಕ್ಕ, ನಿಜವಾಗ್ಲೂ ಇಂಜಿನ್ ಹೋದ್ರೆ ಏನ್ ಮಾಡೋದು, ಟ್ರೈನಿಂಗಲ್ಲಿ ಕಲ್ತಿದ್ದು ಆ ಟೈಮಲ್ಲಿ ನೆನಪಿಗೆ ಬರತ್ತಾ ಅಂತ. ಬರತ್ತೆ. ಕೈಕಾಲು ತಾನಾಗೇ ಕೆಲ್ಸ ಮಾಡತ್ತೆ, ಅದಕ್ಕೇ ಅಷ್ಟೊಂದು ಸಲ ಡೋರ್ ಡ್ರಿಲ್ ಮಾಡ್ಸೋದು. ಹನ್ನೊಂದು ವರ್ಷ ಹಾರಿ ಈಗ ಕ್ಲಾಸ್ ತಗೋತಾ ಇದೀನಿ, ನನ್ನ ಅನುಭವದಲ್ಲಿ ಎಲ್ರೂ ಸ್ಲೈಡು (ಡೋರಿಂದ ಜಾರಿ ಇಳಿಯೋ, ಗಾಳಿ ತುಂಬೋ ಜಾರುಬಂಡೆ), ಡೋರು, ಕಿರುಚೋ ಕಮಾಂಡು ಇವನ್ನ ಚೆನ್ನಾಗಿ ಕಲ್ತಿರ್ತಾರೆ, ಅದಕ್ಕೂ ಮುಂಚೆ ಬರೋ ಒಂದು ಕೆಲ್ಸನ ಮಾತ್ರ ಸಣ್ಣದು ಅನ್ಕೊಂಡಿರ್ತಾರೆ. ಅದು ಕಿಟಕೀಲಿ ನೋಡೋದು, ನೋಡಿದ್ದನ್ನ ಕಾಕ್‌ಪಿಟ್‌ಗೆ ಹೇಳೋದು. ಇಂಜಿನ್ ವಿಷ್ಯದಲ್ಲಿ ಎಷ್ಟೋ ಜೀವ ನಿಂತಿರೋದು ಇದ್ರ ಮೇಲೇನೇ, ಹಾಗಾಗಿ ಜಾಸ್ತಿ ಅದ್ರ ಬಗ್ಗೆನೇ ಬರೀತೀನಿ. ಇನ್ನೊಂದು, ನಿಮ್ಮ ಕಂಪನಿ ಸೇಫ್ಟಿ ಮ್ಯಾನುಯಲ್‌ನಲ್ಲಿ ಏನಿದ್ಯೋ ಅದೇ ಕೊನೇ ಮಾತು, ನಾನು ಹೇಳೋದು ಅದಕ್ಕೂ ಇದಕ್ಕೂ ಹೊಂದ್ಲಿಲ್ಲ ಅಂದ್ರೆ ಮ್ಯಾನುಯಲ್ ಹಿಡೀರಿ.

ಮೊದ್ಲು ಭಯ ಸ್ವಲ್ಪ ಇಳ್ಸೋಣ. ಎರಡು ಇಂಜಿನ್ ಇರೋ ವಿಮಾನ ಒಂದೇ ಇಂಜಿನ್‌ನಲ್ಲಿ ಹಾರತ್ತೆ, ಟೇಕಾಫ್ ಟೈಮಲ್ಲಿ ಒಂದು ಹೋದ್ರೂ ಇನ್ನೊಂದ್ರಲ್ಲೇ ಮೇಲಕ್ಕೆ ಏರಿ ಸುತ್ತಾಕಿ ಬಂದು ಇಳಿಯೋ ಹಾಗೇನೇ ಅದನ್ನ ಕಟ್ಟಿರೋದು. ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಇದನ್ನೇ ಮಾಡ್ತಾರೆ. ಬೆಂಕಿ ಬಿದ್ರೆ ಅವ್ರ ತಲೆ ಮೇಲೋ ಕೈಯಳತೇಲೋ ಫೈರ್ ಹ್ಯಾಂಡಲ್ ಇಲ್ಲಾ ಬಟನ್ ಇರತ್ತೆ, ಅದನ್ನ ಎಳೆದ್ರೆ ಇಲ್ಲಾ ಒತ್ತಿದ್ರೆ ಇಂಧನ ಕಟ್ಟಾಗತ್ತೆ, ಆಮೇಲೆ ಬಾಟಲ್‌ನಿಂದ ಬೆಂಕಿ ಆರಿಸೋ ಗ್ಯಾಸ್ ಬಿಡ್ತಾರೆ. ನಿಮ್ಮ ಕೈಲಿರೋ ಎಕ್ಸ್‌ಟಿಂಗ್ವಿಷರ್ ಕ್ಯಾಬಿನ್ ಒಳಗಿನ ಬೆಂಕಿಗೆ, ಓವನ್ನಿಗೆ, ಟಾಯ್ಲೆಟ್ಟಿಗೆ, ಪವರ್ ಬ್ಯಾಂಕಿಗೆ. ಇಂಜಿನ್ ಅವ್ರದ್ದು, ಕ್ಯಾಬಿನ್ ನಿಮ್ದು, ಇಷ್ಟು ತಲೇಲಿ ಕೂತ್ರೆ ಅರ್ಧ ಗಾಬರಿ ಅಲ್ಲೇ ಇಳಿಯತ್ತೆ.

ಇಂಜಿನ್ ಹೋದ್ರೆ ಹೇಗ್ ಗೊತ್ತಾಗತ್ತೆ ಅಂತ ಕೇಳ್ತಾರೆ. ಒಂದೇ ಥರ ಇರಲ್ಲ. ಕೆಲವು ಸಲ ಢಂ ಢಂ ಅಂತ ಪಟಾಕಿ ಹೊಡ್ದ ಹಾಗೆ ಸದ್ದು, ಹಿಂದಿಂದ ಬೆಂಕಿ ಉಗುಳ್ದ ಹಾಗೆ ಕಾಣತ್ತೆ, ಅದು ಕಂಪ್ರೆಸರ್ ಸ್ಟಾಲ್ ಇರ್ಬಹುದು, ಒಳಗೆ ಹೋಗೋ ಗಾಳಿಯ ಓಟ ಕೆಟ್ಟು ಆಗೋದು, ನೋಡೋಕೆ ಭಯಂಕರ ಆದ್ರೂ ಪೈಲಟ್ ಪವರ್ ಇಳ್ಸಿದ್ರೆ ಎಷ್ಟೋ ಸಲ ನಿಂತೋಗತ್ತೆ. ಕೆಲವು ಸಲ ಸದ್ದೇ ಇಲ್ಲ, ಒಂದು ಕಡೆ ಗುಂಯ್ ಅನ್ನೋದು ನಿಂತು ವಿಮಾನ ಸ್ವಲ್ಪ ಪಕ್ಕಕ್ಕೆ ಎಳ್ದ ಹಾಗಾಗತ್ತೆ, ಲೈಟು ಒಂದು ಕ್ಷಣ ಮಿಣುಕ್ ಅನ್ನತ್ತೆ. ಕೆಲವು ಸಲ ನೆಲ ನಡುಗತ್ತೆ, ಗ್ಯಾಲಿಲಿ, ಅಂದ್ರೆ ವಿಮಾನದ ಅಡುಗೆ ಜಾಗದಲ್ಲಿ, ಟ್ರಾಲಿ ಗಡಗಡ ಅನ್ನತ್ತೆ, ಏಸಿ ಗಾಳೀಲಿ ಸುಟ್ಟ ಎಣ್ಣೆ ವಾಸನೆ ಬರತ್ತೆ, ಯಾಕಂದ್ರೆ ಹೆಚ್ಚಿನ ವಿಮಾನಗಳಲ್ಲಿ ಕ್ಯಾಬಿನ್ ಗಾಳಿ ಬರೋದೇ ಇಂಜಿನ್‌ನಿಂದ. ಎಲ್ಲಕ್ಕಿಂತ ಕೆಟ್ಟದ್ದು ಒಳಗಿನ ಬ್ಲೇಡೋ ಡಿಸ್ಕೋ ಮುರಿದು ಇಂಜಿನ್ ಕವಚ ದಾಟಿ ಹೊರಗೆ ಹಾರೋದು, ಆ ಚೂರು ರೆಕ್ಕೆಗೆ, ಕಿಟಕಿಗೆ, ಎಲ್ಲಿಗ್ ಬೇಕಾದ್ರೂ ಬಡೀಬಹುದು.

ಇದ್ರಲ್ಲಿ ಯಾವ್ದು ಆಗಿದೆ ಅಂತ ಕಂಡುಹಿಡಿಯೋದು ನಿಮ್ಮ ಕೆಲ್ಸ ಅಲ್ಲ. ಕಂಡಿದ್ದು, ಕೇಳಿದ್ದು, ವಾಸನೆ ಬಂದಿದ್ದು ಅಷ್ಟನ್ನೇ ಹೇಳ್ಬೇಕು. "ಕಂಪ್ರೆಸರ್ ಸ್ಟಾಲ್ ಆಗಿದೆ ಕ್ಯಾಪ್ಟನ್" ಅನ್ನೋದಕ್ಕಿಂತ "ಎಡಗಡೆ ಇಂಜಿನ್ ಹಿಂದಿಂದ ಕಿತ್ತಳೆ ಬಣ್ಣದ ಬೆಂಕಿ, ಎರಡು ಸೆಕೆಂಡಿಗೊಂದ್ ಸಲ ಬಂದು ಹೋಗ್ತಿದೆ" ಅನ್ನೋದು ಅವ್ರಿಗೆ ಸಾವಿರ ಪಾಲು ಉಪಯೋಗ. ಕಾಕ್‌ಪಿಟ್‌ನಲ್ಲಿ ಕೂತ್ರೆ ಎಷ್ಟೋ ವಿಮಾನಗಳಲ್ಲಿ ಇಂಜಿನ್ ಕಾಣೋದೇ ಇಲ್ಲ, ಮೀಟರ್‌ನಲ್ಲಿ ನಂಬರ್ ಕಾಣತ್ತೆ ಅಷ್ಟೇ. ಕಣ್ಣಲ್ಲಿ ನೋಡೋ ಭಾಗ್ಯ ಇರೋದು ನಿಮಗೆ, ಕಿಟಕಿ ಪಕ್ಕ ಕೂತಿರೋರಿಗೆ.

ಇಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಊರಿನ ಕಥೆ ಹೇಳ್ಲೇಬೇಕು, ನನ್ನ ಪ್ರತಿ ಬ್ಯಾಚ್‌ಗೂ ಮೊದಲ ದಿನಾನೇ ಹೇಳ್ತೀನಿ. 1989ರ ಜನವರಿ 8, ಬ್ರಿಟಿಷ್ ಮಿಡ್‌ಲ್ಯಾಂಡ್ ಕಂಪನಿಯ ಬೋಯಿಂಗ್ 737-400, ಲಂಡನ್ ಹೀಥ್ರೋದಿಂದ ಬೆಲ್‌ಫಾಸ್ಟ್‌ಗೆ ಹೊರಟಿತ್ತು, 126 ಜನ. ಮೇಲೇರ್ತಿರೋವಾಗ ಎಡಗಡೆ ಇಂಜಿನ್‌ನ ಫ್ಯಾನ್ ಬ್ಲೇಡ್ ಮುರೀತು, ವಿಮಾನ ಗಡಗಡ ನಡುಗ್ತು, ಹೊಗೆ ವಾಸನೆ ಬಂತು. ಪೈಲಟ್‌ಗಳು ಬಲಗಡೆ ಇಂಜಿನ್ ಹಾಳಾಗಿದೆ ಅಂತ ತಿಳ್ಕೊಂಡು ಚೆನ್ನಾಗಿದ್ದ ಬಲಗಡೆದನ್ನೇ ಆಫ್ ಮಾಡಿದ್ರು. ಅದೇ ಹೊತ್ತಿಗೆ ಎಡಗಡೆದ್ರ ಪವರ್ ಇಳಿದಿದ್ರಿಂದ ನಡುಕನೂ ಹೊಗೆನೂ ಕಮ್ಮಿ ಆಯ್ತು, ಅವ್ರಿಗೆ ಸರಿಯಾಗೇ ಮಾಡಿದೀವಿ ಅನ್ಸಿತು. ಕ್ಯಾಪ್ಟನ್ ಪಿಎನಲ್ಲಿ (ಎಲ್ರಿಗೂ ಕೇಳೋ ಮೈಕ್‌ನಲ್ಲಿ) ಬಲಗಡೆ ಇಂಜಿನ್ ತೊಂದ್ರೆ ಕೊಡ್ತು, ಅದನ್ನ ಆಫ್ ಮಾಡಿದೀವಿ ಅಂತ ಹೇಳಿದ್ರು. ಹಿಂದೆ ಕೂತಿದ್ದ ಎಷ್ಟೋ ಪ್ಯಾಸೆಂಜರ್‌ಗಳು, ಮೂರು ಜನ ಕ್ಯಾಬಿನ್ ಕ್ರೂ ಕೂಡ, ಎಡಗಡೆ ಇಂಜಿನ್‌ನಲ್ಲಿ ಬೆಂಕಿ ಬರೋದನ್ನ ನೋಡಿದ್ರು. ಒಬ್ರೂ ಮುಂದೆ ಹೇಳ್ಲಿಲ್ಲ. ಈಸ್ಟ್ ಮಿಡ್‌ಲ್ಯಾಂಡ್ಸ್ ಏರ್‌ಪೋರ್ಟ್‌ನಲ್ಲಿ ಇಳಿಯೋಕೆ ಇನ್ನು ಕೆಲವೇ ಕಿಲೋಮೀಟರ್ ಇದೆ ಅನ್ನೋವಾಗ ಎಡಗಡೆದು ಪೂರ್ತಿ ಸತ್ತು ವಿಮಾನ ಎಂ1 ಹೆದ್ದಾರಿ ಪಕ್ಕದ ದಿಬ್ಬಕ್ಕೆ ಬಡೀತು. 47 ಜನ ಹೋದ್ರು.

ಆ ಕ್ರೂ ಮೇಲೆ ತಪ್ಪು ಹೊರ್ಸೋಕೆ ಇದನ್ನ ಹೇಳ್ತಿಲ್ಲ. ಕ್ಯಾಪ್ಟನ್ ಬಲ ಅಂದಾಗ ನಾನ್ ನೋಡಿದ್ದೇ ತಪ್ಪಿರ್ಬೇಕು ಅನ್ಸೋದು ಸಹಜ, ದೊಡ್ಡೋರ ಮಾತಿಗೆ ಎದುರಾಡಬಾರ್ದು ಅಂತ ಬೆಳ್ದಿರೋ ನಮಗಂತೂ ಇನ್ನೂ ಸಹಜ. ಇಪ್ಪತ್ತೆರಡು ವರ್ಷದ ಹುಡುಗಿ, ಐವತ್ತು ವರ್ಷದ ಕ್ಯಾಪ್ಟನ್, ಹೇಗೆ ಕೇಳೋದು ಅಂತ ನಾಲಿಗೆ ಹಿಡಿಯತ್ತೆ. ಅದಕ್ಕೇ ಮಾತನ್ನ ಮೊದ್ಲೇ ಬಾಯಿಪಾಠ ಮಾಡಿಟ್ಕೊಳ್ಳಿ: ಕ್ಯಾಪ್ಟನ್, ನೀವು ಬಲ ಅಂದ್ರಿ, ನಾನು ಹಿಂದಿನ ಎಡಗಡೆ ಡೋರ್ ಹತ್ರ ಇದೀನಿ, ಬೆಂಕಿ ಕಾಣ್ತಿರೋದು ಎಡಗಡೆ, ಕನ್ಫರ್ಮ್ ಮಾಡಿ. ಇಷ್ಟೇ. ಇಂಗ್ಲಿಷ್‌ನಲ್ಲೇ ಹೇಳ್ತೀರ ಗೊತ್ತು, ಆದ್ರೆ ವಿಷ್ಯ ಇದೇ ಕ್ರಮದಲ್ಲಿರ್ಲಿ, ನೀವು ಯಾರು, ಎಲ್ಲಿದೀರ, ಏನ್ ನೋಡಿದ್ರಿ, ಯಾವ ಕಡೆ, ಕ್ಯಾಬಿನ್ ಒಳಗೆ ಹೊಗೆ ಇದ್ಯಾ ಇಲ್ವಾ. ನಮ್ಮಲ್ಲೇ 2022ರ ಜೂನ್ 19ಕ್ಕೆ ಪಟನಾದಿಂದ ದೆಹಲಿಗೆ ಹೊರಟ ಸ್ಪೈಸ್‌ಜೆಟ್ ವಿಮಾನಕ್ಕೆ ಹಕ್ಕಿ ಬಡ್ದಾಗ ಎಡಗಡೆ ಇಂಜಿನ್‌ನಿಂದ ಕಿಡಿ ಬರ್ತಿರೋದನ್ನ ಕ್ಯಾಬಿನ್ ಕ್ರೂ ಕ್ಯಾಪ್ಟನ್‌ಗೆ ಹೇಳಿದ್ರು, ಕ್ಯಾಪ್ಟನ್ ಮೋನಿಕಾ ಖನ್ನಾ ಆ ಇಂಜಿನ್ ಆಫ್ ಮಾಡಿ ಪಟನಾಗೇ ವಾಪಸ್ ಬಂದು ಇಳ್ಸಿದ್ರು, 185 ಪ್ಯಾಸೆಂಜರ್‌ಗಳೂ ಕ್ಷೇಮ.

ಎಡ ಬಲದ ಬಗ್ಗೆ ಇನ್ನೊಂದು ಮಾತು, ಕ್ಲಾಸಲ್ಲಿ ಹತ್ತಕ್ಕೆ ಮೂರು ಜನ ತಪ್ಪು ಮಾಡೋದು ಇಲ್ಲೇ. ಮುಂದಿನ ಡೋರ್ ಹತ್ರದ ಜಂಪ್ ಸೀಟಲ್ಲಿ (ಕ್ರೂ ಕೂರೋ ಮಡಚೋ ಸೀಟು) ನೀವು ಪ್ಯಾಸೆಂಜರ್ ಕಡೆ ಮುಖ ಮಾಡಿ ಕೂತಿರ್ತೀರ, ಅಂದ್ರೆ ವಿಮಾನ ಹೋಗೋ ದಿಕ್ಕಿಗೆ ಬೆನ್ನು. ಆಗ ನಿಮ್ಮ ಎಡಗೈ ಕಡೆ ಇರೋದು ವಿಮಾನದ ಬಲ. ಗಾಬರೀಲಿ ಕೈ ನೋಡ್ಕೊಂಡು ಎಡ ಅಂದ್ಬಿಟ್ರೆ ಕೆಗ್‌ವರ್ತ್‌ನ ತಪ್ಪಿಗೆ ನೀವೇ ದಾರಿ ಮಾಡ್ಕೊಟ್ಟ ಹಾಗೆ. ನಾನ್ ಹೇಳ್ಕೊಡೋದು ಸುಲಭದ ಗುರುತು: ಕ್ಯಾಪ್ಟನ್ ಕೂರೋದು ಎಡಗಡೆ ಸೀಟಲ್ಲಿ, ಪ್ಯಾಸೆಂಜರ್ ಹತ್ತೋದೂ ಎಡಗಡೆ ಡೋರ್‌ನಿಂದ. ಪ್ಯಾಸೆಂಜರ್ ಹತ್ತಿದ ಕಡೆ ಎಡ. ಹೇಳೋಕೆ ಮುಂಚೆ ಒಂದೇ ಒಂದು ಸೆಕೆಂಡ್ ಆ ಡೋರ್ ನೋಡಿ, ಆಮೇಲೆ ಬಾಯಿ ಬಿಡಿ.

ಕಾಕ್‌ಪಿಟ್ ಜೊತೆ ಮಾತಾಡೋ ಇಂಟರ್‌ಫೋನ್ ಎತ್ತಿದ ಕೂಡ್ಲೇ ಅವ್ರು ಉತ್ತರ ಕೊಡ್ತಾರೆ ಅಂತೇನಿಲ್ಲ. 2010ರ ನವೆಂಬರ್ 4ಕ್ಕೆ ಸಿಂಗಾಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ 32, ಏರ್‌ಬಸ್ ಎ380, ಇಂಡೋನೇಷ್ಯಾದ ಬಾಟಮ್ ದ್ವೀಪದ ಮೇಲೆ ಹಾರ್ತಿರೋವಾಗ ಎರಡನೇ ಇಂಜಿನ್ ಸಿಡಿದು ಚೂರುಗಳು ರೆಕ್ಕೆನ ತೂತು ಮಾಡ್ಕೊಂಡ್ ಹೋದ್ವು. ಬಾಲದ ಕ್ಯಾಮೆರಾ ಚಿತ್ರದಲ್ಲಿ ರೆಕ್ಕೆಯಿಂದ ಏನೋ ಸೋರ್ತಿರೋದು ಕ್ಯಾಬಿನ್‌ನಲ್ಲಿ ಕಾಣ್ತಿತ್ತು, ಕ್ರೂ ಕರೆ ಮಾಡಿದ್ರೂ ಮುಂದೆ ಅಲಾರಂ ಮೇಲೆ ಅಲಾರಂ ಹೊಡ್ಕೋತಿದ್ದಿದ್ರಿಂದ ಮೊದ್ಲಿಗೆ ಉತ್ತರನೇ ಸಿಗ್ಲಿಲ್ಲ. ಹಾಗಾದ್ರೆ ಬಿಟ್ಬಿಡ್ಬೇಡಿ, ಮತ್ತೆ ಮಾಡಿ, ಎಮರ್ಜೆನ್ಸಿ ಕಾಲ್ ಒತ್ತಿ, ಲೀಡ್‌ಗೆ (ಕ್ಯಾಬಿನ್ ಕ್ರೂ ಮುಖ್ಯಸ್ಥರಿಗೆ) ಹೇಳಿ ಅವ್ರೂ ಮಾಡ್ಲಿ. ಟೇಕಾಫ್ ಓಟದ ಆ ಕೆಲವು ಸೆಕೆಂಡ್‌ಗಳಲ್ಲಿ ಕರೆ ಮಾಡೋ ವಿಚಾರಕ್ಕೆ ಮಾತ್ರ ನಿಮ್ಮ ಮ್ಯಾನುಯಲ್‌ನಲ್ಲಿ ಬೇರೆ ನಿಯಮ ಇರತ್ತೆ, ಅದನ್ನ ಅಕ್ಷರ ಬಿಡ್ದೆ ಓದ್ಕೊಳ್ಳಿ.

ಹೇಳಿದ್ಮೇಲೆ ಕಾಯೋ ಹೊತ್ತು ಬರತ್ತೆ. ಮುಂದಿಂದ ಐದು ನಿಮಿಷ, ಹತ್ತು ನಿಮಿಷ ಒಂದು ಮಾತೂ ಬರ್ದೇ ಇರ್ಬಹುದು. ಅವ್ರಿಗೆ ಮೊದಲು ವಿಮಾನ ಹಾರ್ಸೋದು, ಆಮೇಲೆ ಎಲ್ಲಿಗೆ ಅಂತ ನೋಡೋದು, ಮಾತು ಕೊನೇಲಿ. ಸುಮ್ನೆ ಇದಾರೆ ಅಂದ್ರೆ ಕೆಲ್ಸ ಮಾಡ್ತಿದಾರೆ ಅಂತ ಅರ್ಥ. ಆ ಹೊತ್ತಲ್ಲಿ ನೀವು ಸರ್ವಿಸ್ ನಿಲ್ಸಿ, ಟ್ರಾಲಿ ಒಳಗೆ ತಳ್ಳಿ ಲ್ಯಾಚ್ ಹಾಕಿ, ಕಾಫಿ ಟೀ ಬಿಸಿನೀರು ಚೆಲ್ಲಿ, ಓವನ್ ಆಫ್ ಮಾಡಿ, ಟಾಯ್ಲೆಟ್‌ನಲ್ಲಿ ಯಾರಿದಾರೆ ನೋಡಿ, ಎಲ್ರ ಬೆಲ್ಟ್ ನೋಡಿ. ಅರ್ಧ ಕುಡ್ದ ಕಾಫಿ ಲೋಟ ಪ್ಯಾಸೆಂಜರ್ ಕೈಲಿದ್ರೂ ಇಸ್ಕೊಳ್ಳಿ. ಓಡ್ಬೇಡಿ. ನೀವು ಓಡಿದ್ರೆ ನೂರೆಂಬತ್ತು ಜನ ನಿಮ್ಮ ಕಾಲು ನೋಡಿ ಕಥೆ ಕಟ್ಕೋತಾರೆ.

ನಂಗೆ ಇದು ನಿಜವಾಗಿ ಬಂದಿದ್ದು ಒಂದ್ ಸಲ, ಕೊಲ್ಲಿಯಿಂದ ಮಂಗಳೂರಿಗೆ ಬರೋ ರಾತ್ರಿ ಫ್ಲೈಟ್‌ನಲ್ಲಿ. ಊಟ ಕೊಡೋಕೆ ಶುರು ಮಾಡಿದ್ವಿ ಅಷ್ಟೇ, ಬಲಗಡೆಯಿಂದ ಮೂರ್ ಸಲ ಗುದ್ದಿದ ಹಾಗೆ ಸದ್ದು, ಕಾಲಡಿ ನೆಲ ಅದುರ್ತು, ಆಮೇಲೆ ಆ ಕಡೆ ಸದ್ದು ಇಳೀತು. ಟ್ರಾಲಿ ಎಳ್ಕೊಂಡು ಹಿಂದೆ ಹೋಗ್ತಿರೋವಾಗ 19ನೇ ಸಾಲಲ್ಲಿ ಒಬ್ರು ಅಜ್ಜಿ ನನ್ನ ಸೆರಗಿನ ತುದಿ ಹಿಡ್ಕೊಂಡ್ರು, ಮೊಮ್ಮಗನ ನಾಮಕರಣ ಮುಗ್ಸಿ ಒಬ್ರೇ ವಾಪಸ್ ಬರ್ತಿದ್ರು. "ಎಂತ ಆಯ್ತು ಮಗಾ, ಸುಟ್ಟ ವಾಸನೆ ಉಂಟಲ್ಲ" ಅಂದ್ರು. ನಂಗೆ ಏನೂ ಆಗಿಲ್ಲ ಅಜ್ಜಿ ಅನ್ನೋಕೆ ಬಾಯಿ ಬಂತು, ಹೇಳ್ಲಿಲ್ಲ, ಅವ್ರ ಮೂಗಿಗೆ ಬರ್ತಿರೋ ವಾಸನೆನ ನಾನು ಇಲ್ಲ ಅಂದ್ರೆ ಆಮೇಲೆ ನಾನ್ ಹೇಳೋ ಯಾವ ಮಾತನ್ನೂ ಅವ್ರು ನಂಬಲ್ಲ. "ಹೌದು ಅಜ್ಜಿ, ನಂಗೂ ಬರ್ತಿದೆ, ಪೈಲಟ್‌ಗೆ ಹೇಳಿದೀವಿ, ಅವ್ರು ನೋಡ್ತಿದಾರೆ, ನೀವು ಬೆಲ್ಟ್ ಬಿಗಿ ಮಾಡ್ಕೊಳ್ಳಿ" ಅಂದೆ. ಸೆರಗು ಬಿಟ್ರು. ಕಲಿಯೋರಿಗೆ ನಾನು ಇದೇ ಹೇಳೋದು, ಸುಳ್ಳು ಸಮಾಧಾನ ಕೊಡ್ಬೇಡಿ, ಕ್ಯಾಪ್ಟನ್ ಹೇಳ್ದೇ ಇರೋದನ್ನೂ ಹೇಳ್ಬೇಡಿ, ಗೊತ್ತಿರೋ ಒಂದು ನಿಜ ಹೇಳಿ ಜೊತೆಗೆ ಅವ್ರ ಕೈಗೊಂದು ಕೆಲ್ಸ ಕೊಡಿ, ಬೆಲ್ಟ್ ಬಿಗಿ ಮಾಡಿ, ಕಾರ್ಡ್ ಓದಿ, ಕಿಟಕಿ ಶೇಡ್ ತೆಗೀರಿ. ಕೈಗೆ ಕೆಲ್ಸ ಇದ್ರೆ ಮನಸ್ಸು ತಡ್ಕೊಳತ್ತೆ.

ಶೇಡ್ ಸುಮ್ನೆ ತೆಗ್ಸೋದಲ್ಲ, ಹೊರಗೆ ಬೆಂಕಿ ಇದ್ಯಾ ಅಂತ ನಿಮಗೆ ಕಾಣ್ಬೇಕು, ಅದಕ್ಕೆ. ರಾತ್ರಿ ಆದ್ರೆ ಒಳಗಿನ ಲೈಟ್ ಮಂದ ಮಾಡಿದ್ರೆ ಕಣ್ಣು ಕತ್ಲೆಗೆ ಹೊಂದ್ಕೊಂಡಿರತ್ತೆ.

ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಲೀಡ್‌ನ ಕರೀತಾರೆ. ಆಗ ಬರೋದು ನಿಟ್ಸ್: ನೇಚರ್, ಇಂಟೆನ್ಷನ್, ಟೈಮ್, ಸ್ಪೆಷಲ್ ಇನ್‌ಸ್ಟ್ರಕ್ಷನ್ಸ್. ಏನಾಗಿದೆ, ಏನ್ ಮಾಡ್ತೀವಿ, ಎಷ್ಟು ಟೈಮ್ ಇದೆ, ಬೇರೆ ಏನಾದ್ರೂ ವಿಶೇಷ ಇದ್ಯಾ. ಪೆನ್ನು ಕಾಗ್ದ ಇಲ್ದೆ ಹೋಗ್ಬೇಡಿ. ಆ ರಾತ್ರಿ ನಮ್ಮ ಲೀಡ್ ಗ್ಯಾಲೀಲಿ ಊಟದ ಲೆಕ್ಕದ ಹಾಳೆ ಹಿಂದೆ ನಾಲ್ಕು ಸಾಲು ಬರ್ಕೊಂಡ್ರು, ಬರೆಯೋವಾಗ ಅವ್ರ ಕೈ ನಡುಗ್ತಿತ್ತು ಆದ್ರೆ ಅಕ್ಷರ ಓದೋ ಹಾಗಿತ್ತು: ಬಲ ಇಂಜಿನ್ ಆಫ್, ಹತ್ರದ ಏರ್‌ಪೋರ್ಟ್, 25 ನಿಮಿಷ, ನಾರ್ಮಲ್ ಲ್ಯಾಂಡಿಂಗ್, ಬ್ರೇಸ್ ಬೇಡ (ಬ್ರೇಸ್ ಅಂದ್ರೆ ಬಡಿತ ತಡ್ಕೊಳ್ಳೋಕೆ ತಲೆ ಬಗ್ಗಿಸಿ ಕೂರೋದು). ಬರ್ಕೊಂಡಿದ್ದನ್ನ ಕ್ಯಾಪ್ಟನ್‌ಗೆ ತಿರ್ಗಿ ಓದಿ ಹೇಳಿದ್ರು, ಆಮೇಲೆ ನಮಗೆ ಓದಿದ್ರು, ನಾವು ಮೂರು ಜನನೂ ಒಬ್ಬೊಬ್ರಾಗಿ ಅದನ್ನ ವಾಪಸ್ ಹೇಳಿದ್ವಿ. ಈ ತಿರ್ಗಿ ಹೇಳೋದನ್ನ ಬೇಜಾರು ಅಂತ ಬಿಡ್ಬೇಡಿ, 25 ಅಂದಿದ್ದು 35 ಅಂತ ಕೇಳ್ಸಿರತ್ತೆ, ಹತ್ತು ನಿಮಿಷದ ಕೆಲ್ಸ ಅಲ್ಲೇ ಕಳ್ದೋಗತ್ತೆ. ವಾಚ್ ಹೊಂದ್ಸ್ಕೊಳ್ಳಿ. ಬ್ರೇಸ್ ಇದ್ರೆ ಯಾರು ಯಾವಾಗ ಯಾವ ಮಾತಲ್ಲಿ ಹೇಳ್ತಾರೆ, ಇಳಿದ್ಮೇಲೆ ಹೊರಗೆ ಕಳ್ಸೋ ಯೋಚ್ನೆ ಇದ್ಯಾ, ಅದನ್ನೂ ಅಲ್ಲೇ ಕೇಳ್ಕೊಂಡ್ಬಿಡಿ.

ಟೈಮೇ ಸಿಗದ ಪರಿಸ್ಥಿತಿನೂ ಇರತ್ತೆ. 2009ರ ಜನವರಿ 15ಕ್ಕೆ ನ್ಯೂಯಾರ್ಕ್‌ನಲ್ಲಿ ಯುಎಸ್ ಏರ್‌ವೇಸ್ 1549ರ ಎರಡೂ ಇಂಜಿನ್‌ಗೆ ಹೆಬ್ಬಾತುಗಳು ಬಡಿದಾಗಿಂದ ಹಡ್ಸನ್ ನದಿ ಮೇಲೆ ಇಳಿಯೋವರ್ಗೂ ಮೂರೂವರೆ ನಿಮಿಷ ಅಷ್ಟೇ. ಕ್ಯಾಪ್ಟನ್ ಸಲನ್‌ಬರ್ಗರ್ ಹೇಳಿದ್ದು ಬ್ರೇಸ್ ಫಾರ್ ಇಂಪ್ಯಾಕ್ಟ್ ಅನ್ನೋ ಒಂದೇ ಮಾತು, ನಿಟ್ಸೂ ಇಲ್ಲ ಬ್ರೀಫಿಂಗೂ ಇಲ್ಲ, ಕ್ರೂ ಕೂತಲ್ಲೇ ತಲೆ ಕೆಳಗೆ ಹಾಕಿ ಅಂತ ಕೂಗೋಕೆ ಶುರು ಮಾಡಿದ್ರು. ವಿಮಾನದ ಹಿಂಭಾಗಕ್ಕೆ ನೀರು ನುಗ್ಗಿದಾಗ ಹಿಂದಿದ್ದ ಕ್ರೂ, ಕಾಲಿಗೆ ಆಳವಾದ ಗಾಯ ಆಗಿದ್ರೂ, ಜನನ ಮುಂದಕ್ಕೆ ಕಳ್ಸಿದ್ರು. 155 ಜನನೂ ಬದುಕಿದ್ರು. ಇಂಥದ್ದಕ್ಕೆ ತಯಾರಿ ಆ ಮೂರೂವರೆ ನಿಮಿಷದಲ್ಲಿ ಆಗಲ್ಲ. ಪ್ರತಿ ಟೇಕಾಫ್‌ಗೂ ಜಂಪ್ ಸೀಟಲ್ಲಿ ಕೂತು ಮನಸ್ಸಲ್ಲೇ ಮಾಡೋ ಸೈಲೆಂಟ್ ರಿವ್ಯೂ ಇದ್ಯಲ್ಲ, ನನ್ನ ಡೋರ್ ಯಾವ್ದು, ಹ್ಯಾಂಡಲ್ ಯಾವ ಕಡೆ ತಿರುಗತ್ತೆ, ನನ್ನ ಮೊದಲ ಕಮಾಂಡ್ ಏನು, ಸಹಾಯಕ್ಕೆ ಬರೋ ಗಟ್ಟಿ ಆಳು ಯಾವ ಸೀಟಲ್ಲಿದಾರೆ, ನಡೆಯೋಕೆ ಆಗದೋರು ಎಲ್ಲಿದಾರೆ ಅಂತ, ಅದೇ ತಯಾರಿ. ದಿನಕ್ಕೆ ನಾಲ್ಕು ಸೆಕ್ಟರ್, ಅಂದ್ರೆ ನಾಲ್ಕು ಹಾರಾಟ, ಮಾಡೋವಾಗ ನಾಲ್ಕನೇದ್ರಲ್ಲಿ ಅದು ತಪ್ಪೋಗತ್ತೆ, ಸುಸ್ತಾಗಿ ಸಂಜೆ ಏನ್ ತಿನ್ನೋದು ಅಂತ ಯೋಚ್ನೆ ಬರತ್ತೆ. ದಯವಿಟ್ಟು ನಾಲ್ಕನೇದ್ರಲ್ಲೂ ಮಾಡಿ.

ಚೂರು ಹಾರಿ ಕಿಟಕಿ ಒಡೆದ್ರೆ ಕಥೆ ಬೇರೆ, ಒತ್ತಡ ಇಳಿದು ಮಾಸ್ಕ್ ಬೀಳತ್ತೆ. 2018ರ ಏಪ್ರಿಲ್ 17ರ ಸೌತ್‌ವೆಸ್ಟ್ 1380ರಲ್ಲಿ ಹೀಗೇ ಆಯ್ತು, ಸುಮಾರು 32,000 ಅಡಿ ಮೇಲೆ ಎಡ ಇಂಜಿನ್‌ನ ಫ್ಯಾನ್ ಬ್ಲೇಡ್ ಮುರಿದು 14ನೇ ಸಾಲಿನ ಕಿಟಕಿ ಹೋಗಿ, ಒಬ್ರು ಪ್ಯಾಸೆಂಜರ್ ತೀರ್ಕೊಂಡ್ರು. ಕ್ಯಾಪ್ಟನ್ ಟ್ಯಾಮಿ ಜೋ ಶುಲ್ಟ್ಸ್ ಫಿಲಡೆಲ್ಫಿಯಾದಲ್ಲಿ ಇಳ್ಸಿದ್ರು. ಆಗಿನ ಫೋಟೋ ನೋಡಿದ್ರೆ ಎಷ್ಟೋ ಜನ ಮಾಸ್ಕ್‌ನ ಬಾಯಿಗೆ ಮಾತ್ರ ಹಾಕಿದಾರೆ, ಮೂಗು ಹೊರಗಿದೆ. ನಾವು ದಿನಾ ಡೆಮೋ ಕೊಟ್ರೂ ಜನ ನೋಡಿರಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ, ಹಾಗಾಗಿ ಆ ಹೊತ್ತಲ್ಲಿ ಮೂಗು ತೋರ್ಸಿ ಕೂಗಿ. ನೀವು ಮಾತ್ರ ಮೊದ್ಲು ಹತ್ರ ಇರೋ ಮಾಸ್ಕ್ ಎಳೆದು ಹಾಕ್ಕೊಂಡು ಅಲ್ಲೇ ಕೂತ್ಕೊಳ್ಳಿ, ಸೀಟ್ ಇಲ್ಲ ಅಂದ್ರೆ ಯಾವ್ದಾದ್ರೂ ಸೀಟಿಗೆ ಗಟ್ಟಿಯಾಗಿ ಅಂಟ್ಕೊಳ್ಳಿ, ಬೇರೆಯೋರಿಗೆ ಸಹಾಯ ಮಾಡೋಕೆ ನೀವು ಎಚ್ಚರ ಇರ್ಬೇಕಲ್ಲ. ಪೈಲಟ್ ವಿಮಾನನ ಬೇಗ 10,000 ಅಡಿ ಕಡೆಗೆ ಇಳ್ಸ್ತಾರೆ, ಬೀಳ್ತಿದೀವಿ ಅಂತ ಜನ ಕಿರುಚ್ತಾರೆ, ಬೇಕು ಅಂತಾನೇ ಇಳ್ಸ್ತಿದಾರೆ, ಕೆಳಗೆ ಉಸಿರಾಡೋ ಗಾಳಿ ಇದೆ ಅಂತ ಹೇಳಿ. ಸೀಟ್ ಮೇಲಿನ ಆಕ್ಸಿಜನ್ ಹೆಚ್ಚಿನ ವಿಮಾನದಲ್ಲಿ 12ರಿಂದ 15 ನಿಮಿಷ ಬರತ್ತೆ, ಅಷ್ಟು ಸಾಕು. ಆ ಡಬ್ಬ ಬಿಸಿಯಾಗಿ ಸುಟ್ಟ ವಾಸನೆ ಬರತ್ತೆ, ಅದು ಮಾಮೂಲು, ಚೀಲ ಉಬ್ಬದೇ ಇದ್ರೂ ಗಾಳಿ ಬರ್ತಿರತ್ತೆ. ಮುಂದಿಂದ ಓಕೆ ಬಂದ್ಮೇಲೆ ಪೋರ್ಟಬಲ್ ಬಾಟಲ್ ತಗೊಂಡು ಓಡಾಡಿ, ಸೌತ್‌ವೆಸ್ಟ್ ಕ್ರೂ ಹಾಗೇ ಸೀಟಿಂದ ಸೀಟಿಗೆ ಹೋಗಿ ಜನನ ಸಮಾಧಾನ ಮಾಡಿದ್ರು. ಆದ್ರೆ ಇಳಿಯೋವಾಗ ಅವ್ರಲ್ಲಿ ಕೆಲವ್ರು ಜಂಪ್ ಸೀಟಲ್ಲಿ ಇರ್ಲಿಲ್ಲ ಅಂತ ತನಿಖೇಲಿ ಬಂತು. ಯಾಕ್ ಹಾಗಾಗತ್ತೆ ಅಂತ ನಂಗೆ ಅರ್ಥ ಆಗತ್ತೆ, ಕೈ ಹಿಡ್ಕೊಂಡಿರೋರನ್ನ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಆದ್ರೂ ಬಿಟ್ಟು ಹೋಗಿ ಕೂತು ಬೆಲ್ಟ್ ಹಾಕ್ಲೇಬೇಕು, ನೀವು ಬಿದ್ದು ಪೆಟ್ಟು ಮಾಡ್ಕೊಂಡ್ರೆ ಆ ಡೋರ್ ತೆಗೆಯೋಕೆ ಯಾರೂ ಇರಲ್ಲ.

ಬ್ರೇಸ್ ಹೇಳಿದ್ರೆ ಕ್ಯಾಬಿನ್ ತಯಾರಿಗೆ ಎಷ್ಟು ಟೈಮ್ ಇದ್ಯೋ ಅಷ್ಟರಲ್ಲಿ ಮುಖ್ಯವಾದ್ದು ಮೊದ್ಲು ಮಾಡಿ: ಬೆಲ್ಟು, ಬ್ರೇಸ್ ಹೇಗೆ ಅಂತ ತೋರ್ಸೋದು, ಡೋರ್ ಎಲ್ಲಿದೆ ಅಂತ ಕೈ ತೋರ್ಸೋದು, ಹೈ ಹೀಲ್ಸ್ ತೆಗ್ಸೋದು. ನಮ್ಮ ಕಡೆ ಫ್ಲೈಟ್‌ಗಳಲ್ಲಿ ಹಿಂದಿ ಇಂಗ್ಲಿಷ್ ಎರಡೂ ಬರದೋರು ತುಂಬಾ ಜನ ಇರ್ತಾರೆ, ಕಲಬುರಗಿಗೆ ಹುಬ್ಬಳ್ಳಿಗೆ ಹೋಗೋ ವಯಸ್ಸಾದೋರು, ಮೊದಲ ಸಲ ಹತ್ತಿರೋರು. ಪಿಎ ಕಂಪನಿ ಹೇಳಿದ ಭಾಷೇಲೇ ಇರ್ಲಿ, ಸೀಟ್ ಹತ್ರ ಹೋದಾಗ ಕನ್ನಡದಲ್ಲಿ ಹೇಳಿ. ನಾನು ಆ ಅಜ್ಜಿ ಹತ್ರ ವಾಪಸ್ ಹೋದಾಗ ಮಡಿಲಲ್ಲಿ ಬಟ್ಟೆ ಚೀಲ ಅಪ್ಕೊಂಡಿದ್ರು, ಪಾಸ್‌ಪೋರ್ಟು ಬಿಪಿ ಮಾತ್ರೆ ಎಲ್ಲ ಅದ್ರಲ್ಲೇ, ಬಿಡೋಕೆ ಒಪ್ಪಲಿಲ್ಲ. ನಾನು ಮಂಡಿ ಊರಿ ಕೂತು ಪಾಸ್‌ಪೋರ್ಟ್ ತೆಗ್ದು ಅವ್ರ ಕೈಗೆ ಕೊಟ್ಟೆ, "ಇದು ನಿಮ್ಮ ಹತ್ರ ಇರ್ಲಿ ಅಜ್ಜಿ, ಚೀಲ ಕಾಲಡಿ ಇರ್ಲಿ, ಇಳಿಯೋವಾಗ ನಾನ್ ಬಂದು ತೆಗೆದ್ಕೊಡ್ತೀನಿ" ಅಂದೆ, ಆಗ ಬಿಟ್ರು. ಅವತ್ತು ನಾರ್ಮಲ್ ಲ್ಯಾಂಡಿಂಗ್ ಆಗಿದ್ರಿಂದ ಆ ಮಾತು ಕೊಡೋಕಾಯ್ತು, ಹೊರಗೆ ಕಳ್ಸೋ ಸಂದರ್ಭ ಆಗಿದ್ರೆ ಚೀಲದ ಮಾತೇ ಇಲ್ಲ.

ಈಗ ನೆಲ ಮುಟ್ಟಿದ್ಮೇಲಿನದು. ವಿಮಾನ ನಿಂತ ತಕ್ಷಣ ಡೋರ್ ತೆಗೆಯೋದೇ ನಮ್ಮ ಕೆಲ್ಸ ಅಂತ ಕೈ ತುರಿಸತ್ತೆ. ತಡೀರಿ. ಕ್ಯಾಪ್ಟನ್ ಆರ್ಡರ್‌ಗೆ ಕಿವಿ, ಕಿಟಕಿಗೆ ಕಣ್ಣು. ಕ್ವಾಂಟಾಸ್ 32 ಸಿಂಗಾಪುರದ ಚಾಂಗಿಗೆ ವಾಪಸ್ ಬಂದು ನಿಂತಾಗ ರೆಕ್ಕೆಯಿಂದ ಇಂಧನ ಸೋರ್ತಿತ್ತು, ಬ್ರೇಕ್ ಕೆಂಡದ ಹಾಗಿತ್ತು, ಮೇಲಾಗಿ ಒಂದನೇ ಇಂಜಿನ್ ಆಫೇ ಆಗ್ಲಿಲ್ಲ. ಒಳಗೆ 469 ಜನ. ಸ್ಲೈಡ್‌ನಲ್ಲಿ ಇಳ್ಸಿದ್ರೆ ಓಡ್ತಿರೋ ಇಂಜಿನ್, ಇಂಧನದ ಮಡು, ಕೈಕಾಲು ಮುರಿಯೋ ಎತ್ತರ, ಹಾಗಾಗಿ ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಮತ್ತೆ ಅವ್ರ ತಂಡ ಒಳಗೇ ಇರ್ಸಿದ್ರು, ಫೈರ್ ಸರ್ವಿಸ್‌ನೋರು ಫೋಮ್ ಹಾಕಿದ್ರು, ಸುಮಾರು 50 ನಿಮಿಷ ಆದ್ಮೇಲೆ ಬಲಗಡೆ ಒಂದೇ ಡೋರಿಗೆ ಮೆಟ್ಲು ತಂದು ಇಳ್ಸೋಕೆ ಶುರು ಮಾಡಿದ್ರು. ಆ ಇಂಜಿನ್ ನಿಂತಿದ್ದು ಇಳಿದು ಮೂರು ಗಂಟೆ ಆದ್ಮೇಲೆ. ಒಬ್ರಿಗೂ ಗಾಯ ಇಲ್ಲ. ಅಷ್ಟು ಹೊತ್ತೂ ಆರ್ಮ್ ಆಗಿರೋ (ತೆಗೆದ ಕೂಡ್ಲೇ ಸ್ಲೈಡ್ ಬಿಚ್ಕೊಳ್ಳೋ ಹಾಗಿರೋ) ಡೋರ್ ಪಕ್ಕ ನಿಂತು, ಈಗ ಹೇಳಿದ್ರೆ ಈಗ್ಲೇ ತೆಗೀತೀನಿ ಅಂತ ತಯಾರಾಗಿ ಇದ್ರೂ ತೆಗೀದೇ ಇದ್ದ ಕ್ರೂ ಬಗ್ಗೆ ನಂಗೆ ತುಂಬಾ ಗೌರವ.

ತೆಗೀಲೇಬೇಕಾದಾಗ ಸೆಕೆಂಡ್ ತಡ ಮಾಡ್ಬಾರ್ದು ಅನ್ನೋದಕ್ಕೆ ಮ್ಯಾಂಚೆಸ್ಟರ್ ಇದೆ. 1985ರ ಆಗಸ್ಟ್ 22, ಬ್ರಿಟಿಷ್ ಏರ್‌ಟೂರ್ಸ್ 737, ಟೇಕಾಫ್ ಓಟದಲ್ಲೇ ಇಂಜಿನ್ ಸಿಡಿದು ರೆಕ್ಕೆಯ ಇಂಧನ ಹತ್ಕೊಳ್ತು, 137 ಜನರಲ್ಲಿ 55 ಜನ ಸತ್ರು, ಹೆಚ್ಚಿನೋರು ಸುಟ್ಟಲ್ಲ, ಹೊಗೆಯಿಂದ. ಕ್ಯಾಬಿನ್‌ಗೆ ಬೆಂಕಿ ಹೊಗೆ ನುಗ್ಗಿದ್ರೆ, ಮುಂದಿಂದ ಉತ್ತರನೇ ಇಲ್ಲ ಅಂದ್ರೆ, ಮ್ಯಾನುಯಲ್ ಪ್ರಕಾರ ನೀವೇ ಶುರು ಮಾಡೋ ಅಧಿಕಾರ ಇದೆ. ಆದ್ರೆ ಅಲ್ಲೂ ಇಂಜಿನ್ ನೋಡ್ಬೇಕು. 2016ರ ಅಕ್ಟೋಬರ್ 28ಕ್ಕೆ ಶಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್ 383ರ ಬಲ ಇಂಜಿನ್ ಟೇಕಾಫ್ ಓಟದಲ್ಲಿ ಸಿಡಿದು ಬೆಂಕಿ ಬಿದ್ದಾಗ ಜನ ಎಡಗಡೆಯಿಂದ ಇಳಿಯೋಕೆ ಶುರು ಮಾಡಿದ್ರು, ಎಡ ಇಂಜಿನ್ ಇನ್ನೂ ಓಡ್ತಾನೇ ಇತ್ತು, ಅದ್ರ ಗಾಳಿ ಹೊಡೆತಕ್ಕೆ ಒಬ್ರು ಬಿದ್ದು ಜೋರಾಗಿ ಪೆಟ್ಟು ಮಾಡ್ಕೊಂಡ್ರು. ಇಂಟರ್‌ಫೋನ್‌ನಲ್ಲಿ ಕ್ರೂಗೆ ಕಾಕ್‌ಪಿಟ್ ಸಿಗ್ಲಿಲ್ಲ, ಆ ಕಂಪನೀಲಿ ಒಂದೇ ಮಾದರಿ ವಿಮಾನದಲ್ಲಿ ಎರಡು ಥರದ ಇಂಟರ್‌ಫೋನ್ ಇತ್ತಂತೆ. ಹಾಗಾಗಿ ವಿಮಾನ ಹತ್ತಿದ ಕೂಡ್ಲೇ ಆ ಫೋನನ್ನ ಕೈಲಿ ಹಿಡಿದು ಯಾವ ಬಟನ್ ಎಲ್ಲಿದೆ ಅಂತ ನೋಡಿ, ನಿನ್ನೆ ಹಾರಿದ್ದು ಅದೇ ಮಾದರಿ ಅಂತ ಬಿಡ್ಬೇಡಿ.

ಡೋರ್ ಕಿಟಕೀಲಿ ನೋಡೋದು ಬೆಂಕಿ, ಹೊಗೆ, ಇಂಧನ, ನೀರು, ತಿರುಗ್ತಿರೋ ಇಂಜಿನ್. ಯಾವ್ದಿದ್ರೂ ಆ ಡೋರ್ ಬೇಡ, ಕೈ ಅಡ್ಡ ಹಿಡಿದು ಜನನ ಬೇರೆ ಕಡೆ ಕಳ್ಸಿ. ಸರಿ ಇದ್ರೆ ತೆಗೀರಿ, ಸ್ಲೈಡ್ ಪೂರ್ತಿ ಉಬ್ಬೋವರ್ಗೂ ಹಿಡಿಕೆ ಹಿಡ್ಕೊಂಡು ದಾರಿ ಕಟ್ಟಿ ನಿಂತ್ಕೊಳ್ಳಿ, ಹಿಂದಿಂದ ತಳ್ತಾರೆ. ವಿಮಾನಗಳಿಗೆ ಸರ್ಟಿಫಿಕೇಟ್ ಸಿಗೋಕೆ ಅರ್ಧ ಡೋರ್‌ಗಳಲ್ಲೇ 90 ಸೆಕೆಂಡಲ್ಲಿ ಎಲ್ರೂ ಹೊರಗೆ ಬರ್ಬೇಕು, ಆ ಪರೀಕ್ಷೇಲಿ ಯಾರೂ ಲಗೇಜ್ ಇಳ್ಸ್ಕೊಳ್ಳೋಕೆ ನಿಲ್ಲಲ್ಲ. ನಿಜ ಜೀವನದಲ್ಲಿ ನಿಲ್ತಾರೆ. 2024ರ ಮೇ 18ರ ರಾತ್ರಿ ನಮ್ಮ ಬೆಂಗಳೂರಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಇಂಜಿನ್‌ಗೆ ಬೆಂಕಿ ಬಿದ್ದು ವಾಪಸ್ ಇಳಿದು 179 ಪ್ಯಾಸೆಂಜರ್, 6 ಕ್ರೂ ಎಲ್ರೂ ಹೊರಗೆ ಬಂದ್ರು, ಇದೆಲ್ಲ ಎಲ್ಲೋ ದೂರದ ಮಾತಲ್ಲ. ಕಮಾಂಡ್ ಕಂಪನಿದು ಕೂಗ್ತಾನೇ ಎದುರಿಗೆ ಬಂದೋರಿಗೆ ಕನ್ನಡದಲ್ಲೂ ಕೂಗಿ: ಚೀಲ ಬಿಡಿ! ಈ ಕಡೆ ಬನ್ನಿ! ಹಾರಿ! ಮೂರು ಪದಕ್ಕಿಂತ ಜಾಸ್ತಿ ಬೇಡ, ದಯವಿಟ್ಟು ಬೇಡ, ಸರ್ ಮೇಡಂ ಬೇಡ. ಬಾಗ್ಲಲ್ಲಿ ನಿಂತು ಹೆದರಿ ಹಿಂಜರಿಯೋರನ್ನ ತಳ್ಳಿ, ಆಮೇಲೆ ಕ್ಷಮೆ ಕೇಳೋಕೆ ಟೈಮ್ ಇದ್ದೇ ಇರತ್ತೆ.

ಇಂಜಿನ್ ಸ್ಟಾರ್ಟ್ ಮಾಡೋವಾಗ ಹಿಂದಿಂದ ಬೆಂಕಿ ನಾಲಿಗೆ ಬರೋ ಟೇಲ್‌ಪೈಪ್ ಫೈರ್ ಅನ್ನೋದು ಬೇರೆ, ಪೈಲಟ್‌ಗೆ ಹೇಳಿ ಜನನ ಕೂರ್ಸಿ, ಅವ್ರು ಇಂಧನ ಕಟ್ ಮಾಡಿ ಇಂಜಿನ್ ಸುಮ್ನೆ ತಿರುಗ್ಸಿ ಆರ್ಸ್ತಾರೆ. ಅಲ್ಲಿ ಗಾಬರಿ ಬಿದ್ದು ಡೋರ್ ತೆಗೆದ್ರೇನೇ ಗಾಯ ಆಗೋದು.

ಹೊರಗೆ ಬಂದ್ಮೇಲೆ ಗಾಳಿ ಯಾವ ಕಡೆಯಿಂದ ಬೀಸ್ತಿದ್ಯೋ ಆ ಕಡೆಗೆ ದೂರ ಕರ್ಕೊಂಡ್ ಹೋಗಿ ಗುಂಪು ಮಾಡಿ ಎಣಿಸಿ, ಫೈರ್ ಗಾಡಿ ಬರೋ ದಾರೀಲಿ ನಿಲ್ಲಿಸ್ಬೇಡಿ, ಸಿಗರೇಟ್ ಹಚ್ಚೋಕೆ ಬಿಡ್ಬೇಡಿ. ಎಲ್ಲ ಮುಗಿದು ಆಫೀಸಿನೋರು ಬರೋ ಮುಂಚೆ ಒಂದು ಕಡೆ ಕೂತು ನಿಮ್ಮ ನೆನಪಲ್ಲಿ ಇರೋದನ್ನ ನೀವೇ ಬರ್ಕೊಳ್ಳಿ, ಸದ್ದು ಕೇಳಿದ್ದು ಎಷ್ಟು ಹೊತ್ತಿಗೆ, ಯಾವ ಕಿಟಕೀಲಿ ನೋಡಿದ್ರಿ, ಯಾವ ಕಡೆ, ಕಾಕ್‌ಪಿಟ್‌ಗೆ ಹೇಳಿದ ಮಾತು ಏನು. ಸಹೋದ್ಯೋಗಿಗಳ ಜೊತೆ ಮಾತಾಡೋಕೆ ಮುಂಚೆನೇ ಬರೀರಿ, ಮಾತಾಡಿದ್ಮೇಲೆ ಅವ್ರು ಕಂಡಿದ್ದೂ ನೀವು ಕಂಡಿದ್ದೂ ಕಲಸ್ಕೊಂಡ್ಬಿಡತ್ತೆ. ಒಂದೆರಡು ವಾರ ನಿದ್ದೆ ಬರ್ಲಿಲ್ಲ, ಸದ್ದಿಗೆ ಬೆಚ್ಚಿಬೀಳ್ತೀರ ಅಂದ್ರೆ ಕೌನ್ಸೆಲಿಂಗ್ ಕೇಳಿ ತಗೊಳ್ಳಿ, ರೋಸ್ಟರ್‌ನಿಂದ ಕೆಲವು ದಿನ ತೆಗ್ಸ್ಕೊಳ್ಳಿ.

ಅದಕ್ಕೂ ಮುಂಚೆ, ಬಸ್‌ನಲ್ಲಿ ಟರ್ಮಿನಲ್‌ಗೆ ಹೋಗ್ತಾನೇ, ಮನೆಗೆ ಒಂದು ಫೋನ್ ಮಾಡಿ. ಈಗೆಲ್ಲ ವಿಡಿಯೋ ಹತ್ತು ನಿಮಿಷದಲ್ಲಿ ಟಿವೀಲಿ ಬರತ್ತೆ. ಅವತ್ತು ನಾನು ಬೆಳಗಿನ ಜಾವ ನಾಲ್ಕಕ್ಕೆ ಹಾಸನಕ್ಕೆ ಫೋನ್ ಮಾಡಿ "ಅಮ್ಮ, ಇಳಿದಿದೀನಿ, ಚೆನ್ನಾಗಿದೀನಿ, ಟಿವಿ ಹಾಕ್ಬೇಡ" ಅಂದೆ, ಅಮ್ಮ ಏನ್ ಆಯ್ತು ಅಂತ ಕೇಳ್ಲಿಲ್ಲ, ಊಟ ಆಯ್ತಾ ಅಂದ್ರು.